ಬ್ಯೂಗಲ್ಲಿನ ವಾಲ್ವು, ಮೈದಾನದ ಮೈಕು

ಬ್ಯೂಗಲ್‌ಗೆ ಕೊಳಲಿನಂತೆ ತೂತುಗಳಿಲ್ಲ, ನಾಗಸ್ವರದಂತೆ ಜೀವಾಳಿಯಿಲ್ಲ. ಸುತ್ತಿ ಬಳಸಿದ ಹಿತ್ತಾಳೆ ಕೊಳವೆ, ಒಂದು ತುದಿಗೆ ತುಟಿಯಿಡುವ ಪುಟ್ಟ ಬಟ್ಟಲು, ಇನ್ನೊಂದು ತುದಿಗೆ ಅರಳಿದ ಬಾಯಿ, ಅಷ್ಟೆ. ತುಟಿ ಬಿಗಿ ಮಾಡಿ ಉಸಿರು ಹೆಚ್ಚಿಸಿದರೆ ಸ್ವರ ಏರುತ್ತದೆ ನಿಜ; ಆದರೆ ನಾವು ಕೇಳಿದ ಸ್ವರಕ್ಕಲ್ಲ, ಕೊಳವೆ ಒಪ್ಪಿದ ಸ್ವರಕ್ಕೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ, ಮತ್ತೆ ಪಂಚಮ. ರಿಷಭ, ಮಧ್ಯಮ, ಧೈವತಗಳು ಸಲೀಸಾಗಿ ಕೈಗೆ ಸಿಗುವುದಿಲ್ಲ. ಸೈನಿಕರನ್ನು ಎಬ್ಬಿಸಲು, ಊಟಕ್ಕೆ ಕರೆಯಲು ಇಷ್ಟು ಸಾಕು. ಇದೇ ವಾದ್ಯದಲ್ಲಿ ವಾಗ್ನರ್‌ನನ್ನೂ ಖಚಟೂರಿಯನ್‌ನನ್ನೂ ನುಡಿಸುತ್ತೇವೆಂದು ಹೊರಟವರ ಕಥೆಯೇ ಅಮೆರಿಕದ ಡ್ರಮ್ ಕೋರ್‌ಗಳ ನೂರು ವರ್ಷಗಳ ಕಥೆ. ಆ ನೂರು ವರ್ಷವೂ ಅವರು ಒಂದೇ ಪ್ರಶ್ನೆಯ ಮೇಲೆ ಜಗಳವಾಡಿದ್ದಾರೆ: ಇನ್ನೊಂದು ಸ್ವರ ಬೇಕೆಂದು ವಾದ್ಯವನ್ನು ಎಲ್ಲಿಯವರೆಗೆ ಬದಲಿಸಬಹುದು?

ಈ ಜಗಳದ ಬಹುಭಾಗ ನಡೆದದ್ದು ಮಹಾಸರೋವರಗಳ ಸೀಮೆಯಲ್ಲಿ, ಅದರಲ್ಲೂ ಶಿಕಾಗೊ ಸುತ್ತಮುತ್ತ. ನಮ್ಮವರು ಸಾವಿರಾರು ಮಂದಿ ಅಲ್ಲಿ ನೆಲೆಸಿದ್ದಾರೆ. ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ಡೆಟ್ರಾಯಿಟ್ ಕಡೆ ಪಂಪ ಕನ್ನಡ ಕೂಟವಿದೆ. ಅಲ್ಲಿನ ಹೈಸ್ಕೂಲ್ ಮಕ್ಕಳಿಗೆ ಮಾರ್ಚಿಂಗ್ ಬ್ಯಾಂಡ್ ಎಂದರೆ ನಮ್ಮ ಶಾಲೆಗಳ ಕಬಡ್ಡಿ, ಖೊಖೊದಷ್ಟೇ ಪರಿಚಿತ. ಆ ಬ್ಯಾಂಡಿನಲ್ಲಿ ಚೆನ್ನಾಗಿ ನುಡಿಸಿದ ಹುಡುಗ ಹುಡುಗಿಯರು ಕಣ್ಣಿಡುವ ಮುಂದಿನ ಮೆಟ್ಟಿಲೇ ಡ್ರಮ್ ಕೋರ್.

ಡ್ರಮ್ ಕೋರ್ ಎಂದರೆ ಹಿತ್ತಾಳೆ ವಾದ್ಯ, ತಾಳವಾದ್ಯ ಮತ್ತು ಬಾವುಟ ಬೀಸುವ ನರ್ತಕರ ತಂಡ. ನೂರೈವತ್ತರ ಆಸುಪಾಸಿನ ಯುವಜನ ಫುಟ್‌ಬಾಲ್ ಮೈದಾನದ ಉದ್ದಗಲಕ್ಕೆ ಓಡುತ್ತಾ, ಸಾಲು ಕಟ್ಟುತ್ತಾ, ಸಾಲು ಮುರಿಯುತ್ತಾ ಹನ್ನೊಂದು ಹನ್ನೆರಡು ನಿಮಿಷ ನುಡಿಸುತ್ತಾರೆ. ಮುಂದೆ ಹಾಳೆ ಇರುವುದಿಲ್ಲ, ಎಲ್ಲವೂ ಬಾಯಿಪಾಠ. ಬೇಸಿಗೆಯೆಲ್ಲ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ, ಶಾಲೆಗಳ ಜಿಮ್ ನೆಲದ ಮೇಲೆ ಮಲಗುತ್ತಾರೆ, ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡುತ್ತಾರೆ. ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿಗೆ ಅವರ ಸರದಿ ಮುಗಿಯಿತು. ಸಂಬಳ ಕೊಡುವವರಿಲ್ಲ; ಸದಸ್ಯರೇ ಸಾವಿರಾರು ಡಾಲರ್ ಶುಲ್ಕ ಕಟ್ಟಿ ಸೇರುತ್ತಾರೆ.

ಇದರ ಬೇರು ಮೊದಲ ಮಹಾಯುದ್ಧದಲ್ಲಿದೆ. 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘ ತನ್ನ ವಾರ್ಷಿಕ ಸಮಾವೇಶಗಳಲ್ಲಿ ಡ್ರಮ್ ಮತ್ತು ಬ್ಯೂಗಲ್ ಸ್ಪರ್ಧೆ ಇಟ್ಟಿತು. 1931ರ ಸಮಾವೇಶ ಡೆಟ್ರಾಯಿಟ್‌ನಲ್ಲಿ ನಡೆಯಿತು, 1933ರದ್ದು ಶಿಕಾಗೊದಲ್ಲಿ. ಶಿಕಾಗೊ ಸಮಾವೇಶದಲ್ಲಿ ಸೇರಿದ್ದ ಡ್ರಮ್ ವಾದಕರು ರೂಡಿಮೆಂಟಲ್ ವಾದಕರ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಪ್ಯಾರಡಿಡಲ್, ಫ್ಲ್ಯಾಮ್, ಉದ್ದದ ರೋಲ್ ಎಂದು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯಾಗಿ ಬಾರಿಸುತ್ತಿದ್ದ ರೂಡಿಮೆಂಟ್‌ಗಳಿಗೆ, ಅಂದರೆ ಮೂಲಪಾಠಗಳಿಗೆ, ಅವರು ಒಂದು ಕ್ರಮ ಕೊಟ್ಟರು. ಮೊದಲು 13 ಪಾಠಗಳು, ಆಮೇಲೆ ಒಟ್ಟು 26. ಇದರ ಹಿಂದಿದ್ದ ಮುಖ್ಯ ವ್ಯಕ್ತಿ ಶಿಕಾಗೊದ ಡ್ರಮ್ ತಯಾರಕ ವಿಲಿಯಂ ಎಫ್. ಲುಡ್ವಿಗ್. ಲುಡ್ವಿಗ್ ಕಾರ್ಖಾನೆ, ಸ್ಲಿಂಗರ್‌ಲ್ಯಾಂಡ್ ಕಂಪನಿ ಎರಡೂ ಶಿಕಾಗೊದವು. ವಾದ್ಯ ತಯಾರಿಸುವವರು, ಕಲಿಸುವವರು, ತೀರ್ಪು ಹೇಳುವವರು ಒಂದೇ ಊರಿನಲ್ಲಿದ್ದರು. ದೇಶದ ಶ್ರೇಷ್ಠ ರೂಡಿಮೆಂಟಲ್ ವಾದಕನೆಂದು ಹೆಸರಾದ ಫ್ರ್ಯಾಂಕ್ ಆರ್ಸೆನಾಲ್ಟ್ ಇಲ್ಲಿಗೇ ಬಂದು ಲುಡ್ವಿಗ್ ಕಂಪನಿಯ ಪರವಾಗಿ ಪ್ರಾತ್ಯಕ್ಷಿಕೆ ಕೊಡುತ್ತಾ ಸುತ್ತಲಿನ ಕೋರ್‌ಗಳ ಹುಡುಗರಿಗೆ ಕಲಿಸಿದ.

ಈಗ ವಾಲ್ವಿನ ವಿಷಯ. ಕೋರ್‌ಗಳ ಬ್ಯೂಗಲ್ ಜಿ ಶ್ರುತಿಯದ್ದು. ಅದಕ್ಕೆ ಮೊದಲು ಬಂದದ್ದು ಒಂದೇ ಒಂದು ಪಿಸ್ಟನ್. ಅದೂ ಅಡ್ಡಡ್ಡಲಾಗಿ ಕೂತದ್ದು, ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದರೆ ಕೊಳವೆ ಉದ್ದವಾಗಿ ವಾದ್ಯ ಡಿ ಶ್ರುತಿಗೆ ಇಳಿಯುತ್ತದೆ. ಅಂದರೆ ಪಂಚಮವೇ ಹೊಸ ಷಡ್ಜ. ಆ ಹೊಸ ಷಡ್ಜದ ಗಾಂಧಾರ ಮೂಲದ ನಿಷಾದವಾಯಿತು, ಅದರ ಪಂಚಮ ಮೂಲದ ರಿಷಭವಾಯಿತು. ಇಷ್ಟಾದರೂ ಮಧ್ಯಮ, ಧೈವತಗಳು ಸರಿಯಾಗಿ ಬಾರದೆ ಉಳಿದವು. ಮುಂದೆ ಪಿಸ್ಟನ್ನನ್ನು ಎಫ್‌ಗೆ ಇಳಿಯುವಂತೆ ಬದಲಿಸಿದರು, ಎಡಗೈಗೆ ಅರ್ಧ ಸ್ವರ ಇಳಿಸುವ ರೋಟರ್ ಕೊಟ್ಟರು. ಪಿಸ್ಟನ್ ಒತ್ತಿದರೆ ಶುದ್ಧ ಮಧ್ಯಮ ಬಂತು, ಎರಡನ್ನೂ ಸೇರಿಸಿ ಒತ್ತಿದರೆ ಧೈವತ ಬಂತು. ಆದರೂ ಅಲ್ಲಲ್ಲಿ ಸ್ವರಗಳ ಸಂದಿ ಉಳಿದೇ ಇತ್ತು. ಒಬ್ಬನ ವಾದ್ಯದಲ್ಲಿ ಇಲ್ಲದ ಸ್ವರವನ್ನು ಇನ್ನೊಬ್ಬನ ವಾದ್ಯಕ್ಕೆ ಹಂಚಿ ರಾಗ ಪೂರ್ತಿ ಮಾಡುವುದು ಸಂಯೋಜಕರ ಕೆಲಸವಾಯಿತು. ಆ ಕಾಲದ ಸಂಯೋಜನೆಗಳ ಜಾಣತನ ಹುಟ್ಟಿದ್ದು ಈ ಕೊರತೆಯಿಂದಲೇ.

ಆ ಕೊರತೆಯ ಕಾಲದಲ್ಲೇ ಶಿಕಾಗೊದ ಬೀದಿ ಬೀದಿಗೆ ಕೋರ್‌ಗಳಿದ್ದವು. ಲೀಜನ್ ಶಾಖೆಗಳು, ಸ್ಕೌಟ್ ದಳಗಳು, ಚರ್ಚುಗಳು ಅವನ್ನು ಸಾಕಿದವು. ಬಿಷಪ್ ಬರ್ನಾರ್ಡ್ ಶೀಲ್ 1930ರಲ್ಲಿ ಶಿಕಾಗೊದಲ್ಲಿ ಆರಂಭಿಸಿದ ಕ್ಯಾಥೊಲಿಕ್ ಯುವ ಸಂಘಟನೆಯೂ ಸ್ಪರ್ಧೆಗಳನ್ನು ನಡೆಸುತ್ತಿತ್ತು. 1948ರಲ್ಲಿ ಡಾನ್ ವಾರನ್ ಲೋಗನ್ ಸ್ಕ್ವೇರ್ ಬಡಾವಣೆಯ 111ನೇ ಸ್ಕೌಟ್ ದಳದ ಹುಡುಗರನ್ನು ಕಟ್ಟಿಕೊಂಡು ಕ್ಯಾವಲಿಯರ್ಸ್ ಕೋರ್ ಆರಂಭಿಸಿದ. 1958ರಲ್ಲಿ ರಾಯಲ್ ಏರ್ಸ್ ಹುಟ್ಟಿತು. 1965ರಲ್ಲಿ ಆ ತಂಡ ಲೀಜನ್, ಮಾಜಿ ಸೈನಿಕರ ಇನ್ನೊಂದು ಸಂಘವಾದ ವಿಎಫ್‌ಡಬ್ಲ್ಯು ಮತ್ತು ಕ್ಯಾಥೊಲಿಕ್ ಸಂಘಟನೆಯ ಮೂರೂ ರಾಷ್ಟ್ರೀಯ ಪ್ರಶಸ್ತಿಗಳನ್ನು ಒಂದೇ ಬೇಸಿಗೆಯಲ್ಲಿ ಗೆದ್ದಿತು. ಕೆಲವೇ ವರ್ಷಗಳಲ್ಲಿ ತಂಡ ಮುಚ್ಚಿದರೂ, ದಶಕಗಳ ಬಳಿಕ ತಲೆ ನರೆತ ಅದರ ಹಳೆಯ ಸದಸ್ಯರು ಮತ್ತೆ ಸೇರಿ ಅವೇ ಹಾಡುಗಳನ್ನು ನುಡಿಸಿದರು. ಶಿಕಾಗೊದ ವಾಯವ್ಯಕ್ಕೆ ಸುಮಾರು 90 ಮೈಲಿ ದೂರದ ರಾಕ್‌ಫರ್ಡ್‌ನಲ್ಲಿ 1956ರಲ್ಲಿ ಆರಂಭವಾದ ಫ್ಯಾಂಟಮ್ ರೆಜಿಮೆಂಟ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೇ ತನ್ನ ಗುರುತು ಮಾಡಿಕೊಂಡಿತು.

ಹಳೆಯ ಬ್ಯೂಗಲ್‌ನ ನಾದವೇ ನಿಜವಾದ ಡ್ರಮ್ ಕೋರ್ ಎಂದು ವಾದಿಸುವವರು ನೆನಪಿಡಬೇಕಾದ ಸಂಗತಿಯೊಂದಿದೆ. ಇಂದು ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, ಹುಟ್ಟಿದ್ದೇ ಬಂಡಾಯದಿಂದ. ಮಾಜಿ ಸೈನಿಕರ ಸಂಘಗಳ ನಿಯಮಗಳು ಬಿಗಿಯಾಗಿದ್ದವು. ರಾಷ್ಟ್ರಧ್ವಜವನ್ನು ಇಂತಹದೇ ರೀತಿ ಮೆರವಣಿಗೆ ಮಾಡಬೇಕು. ತೀರ್ಪುಗಾರರು ವಾದಕರ ನಡುವೆಯೇ ನಡೆದಾಡಿ ಒಂದೊಂದು ತಪ್ಪಿಗೂ 0.1 ಅಂಕ ಕಳೆಯುತ್ತಿದ್ದರು. ಹೊಸದೇನನ್ನಾದರೂ ಮಾಡಹೋದರೆ ತಪ್ಪುವ ಅವಕಾಶವೇ ಹೆಚ್ಚು, ಹಾಗಾಗಿ ಹೊಸದನ್ನು ಮಾಡದಿರುವುದೇ ಲಾಭ. ಇದರಿಂದ ಬೇಸತ್ತ ನಿರ್ದೇಶಕರು 1971ರಲ್ಲಿ ಡಿಸಿಐ ಕಟ್ಟಿದರು. ಮುಂದೆ ನಿಂತವರಲ್ಲಿ ಕ್ಯಾವಲಿಯರ್ಸ್‌ನ ಡಾನ್ ವಾರನ್ ಒಬ್ಬ. ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ನೆರೆಯ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. ತಪ್ಪು ಎಣಿಸಿ ಅಂಕ ಕಳೆಯುವ ಪದ್ಧತಿ 1984ರ ಹೊತ್ತಿಗೆ ಹೋಯಿತು. ಇಂಡಿಯಾನಾಪೊಲಿಸ್‌ಗೆ ಹೋಗುವ ಮುನ್ನ ಬಹುಕಾಲ ಡಿಸಿಐ ಕಚೇರಿ ಇದ್ದದ್ದೂ ಲೊಂಬಾರ್ಡ್, ಅಡಿಸನ್‌ನಂತಹ ಶಿಕಾಗೊ ಹೊರವಲಯದ ಊರುಗಳಲ್ಲೇ.

ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. 1977ರಲ್ಲಿ ಎರಡು ಪಿಸ್ಟನ್, 1990ರಲ್ಲಿ ಮೂರು. ಮೂರನೆಯ ವಾಲ್ವು ಬಂದ ಮೇಲೆ ಜಿ ಬ್ಯೂಗಲ್ ಹನ್ನೆರಡೂ ಸ್ವರ ನುಡಿಸುವ ಪೂರ್ಣ ವಾದ್ಯವಾಯಿತು; ಶ್ರುತಿ ಬಿಟ್ಟರೆ ಟ್ರಂಪೆಟ್‌ಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ. 2000ದ ಋತುವಿನಿಂದ ಆ ಅಂತರವನ್ನೂ ತೆಗೆದು, ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ಸರಿ ಎಂದರು. ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿ ಫ್ಲ್ಯಾಟ್ ಟ್ರಂಪೆಟ್, ಎಫ್ ಮೆಲೊಫೋನ್, ಬಿ ಫ್ಲ್ಯಾಟ್ ಟ್ಯೂಬಾಗಳಿಗೆ ಹೋದರು.

ಹಳೆಯ ಅಭಿಮಾನಿಗಳ ಅತಿ ದೊಡ್ಡ ದುಃಖ ಇದೇ. ಆ ದುಃಖ ಸುಳ್ಳಲ್ಲ. ಜಿ ಶ್ರುತಿಯ ಸೊಪ್ರಾನೊ ಬ್ಯೂಗಲ್ ಮಾಮೂಲಿ ಟ್ರಂಪೆಟ್‌ಗಿಂತ ಮೂರು ಅರ್ಧಸ್ವರ ಕೆಳಗಿನದು, ಕಾಂಟ್ರಾಬಾಸ್ ಬ್ಯೂಗಲ್ ಕೂಡ ಟ್ಯೂಬಾಗಿಂತ ಅಷ್ಟೇ ಕೆಳಗಿನದು. ಅವುಗಳ ನಾದದಲ್ಲಿ ಒಂದು ಒರಟು ಹೊಳಪಿತ್ತು, ಎದೆಗೆ ನೇರವಾಗಿ ಬಂದು ಬಡಿಯುವ ಗುಣವಿತ್ತು. ಶ್ರುತಿ ಅಷ್ಟಿಷ್ಟು ಅಲ್ಲಾಡುತ್ತಿದ್ದುದೂ ನಿಜ. ಅರವತ್ತು ಎಪ್ಪತ್ತು ವಾದ್ಯಗಳು ಒಟ್ಟಿಗೆ ಪ್ರೇಕ್ಷಕರ ಕಡೆ ತಿರುಗಿ ಪೂರ್ಣ ಉಸಿರಿನಲ್ಲಿ ಊದಿದಾಗ ಆ ಅಲ್ಲಾಟವೂ ನಾದದ ಮೈಯೊಳಗೆ ಸೇರಿಹೋಗುತ್ತಿತ್ತು. ಹಳೆಯ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಇಂದಿನ ಹಿತ್ತಾಳೆ ಮೇಳದ ನಾದ ಹೆಚ್ಚು ಸಮ, ಹೆಚ್ಚು ನಯ, ಶ್ರುತಿಶುದ್ಧ. ಆ ಹಳೆಯ ಬಣ್ಣ ಮಾತ್ರ ಅದರಲ್ಲಿಲ್ಲ.

ಹಾಗಿದ್ದೂ ಬಿಟ್ಟುಕೊಟ್ಟದ್ದಕ್ಕೆ ಕಾರಣವಿತ್ತು, ಅದು ದುಡ್ಡಿನ ಕಾರಣ. ಜಿ ಬ್ಯೂಗಲ್ ಕೊಳ್ಳುವವರು ಕೋರ್‌ಗಳನ್ನು ಬಿಟ್ಟರೆ ಯಾರೂ ಇಲ್ಲ. 1970ರ ದಶಕದ ಬಳಿಕ ಬಡಾವಣೆಯ ಸಣ್ಣ ಕೋರ್‌ಗಳು ನೂರಾರು ಸಂಖ್ಯೆಯಲ್ಲಿ ಮುಚ್ಚಿದವು. ಪ್ರಾಯೋಜಿಸುತ್ತಿದ್ದ ಲೀಜನ್ ಶಾಖೆಗಳು, ಚರ್ಚುಗಳು ಬಡವಾದವು, ಪ್ರಯಾಣದ ಖರ್ಚು ಏರಿತು. ಇಂದು ಮೇಲಿನ ದರ್ಜೆಯಲ್ಲಿ ಉಳಿದಿರುವುದು ಇಪ್ಪತ್ತರ ಆಸುಪಾಸಿನ ತಂಡಗಳು. ಅಷ್ಟು ಸಣ್ಣ ಮಾರುಕಟ್ಟೆಗೆ ವಿಶೇಷ ವಾದ್ಯ ಮಾಡಿಕೊಡಲು ಯಾವ ತಯಾರಕನಿಗೆ ಕಟ್ಟುತ್ತದೆ? ಬಿ ಫ್ಲ್ಯಾಟ್ ವಾದ್ಯವಾದರೆ ಋತು ಮುಗಿದೊಡನೆ ಹೈಸ್ಕೂಲುಗಳಿಗೆ ಮಾರಬಹುದು, ಮರುವರ್ಷ ಹೊಸದು ತರಬಹುದು. ಶಾಲೆಯಲ್ಲಿ ಕಲಿತ ಹುಡುಗಿ ಅದೇ ಬೆರಳುಗಾರಿಕೆಯಿಂದ ಕೋರ್‌ನಲ್ಲೂ ನುಡಿಸಬಹುದು. ಈ ಲೆಕ್ಕ ತಿಳಿದ ಮೇಲೆ ನಾನು ನಿರ್ದೇಶಕರನ್ನು ದೂಷಿಸಲಾರೆ. ಜಿ ಬ್ಯೂಗಲ್ ಹೋದದ್ದು ನಷ್ಟ. ಕೋರ್‌ಗಳೇ ಹೋಗಿದ್ದರೆ ಅದಕ್ಕಿಂತ ದೊಡ್ಡ ನಷ್ಟ.

ತಾಳವಾದ್ಯದ ಕಡೆ ಬದಲಾವಣೆ ಇನ್ನೂ ದೊಡ್ಡದು, ಆದರೆ ಅದರ ಮೇಲೆ ಇಷ್ಟು ಕಣ್ಣೀರು ಹರಿದಿಲ್ಲ. ಕರುವಿನ ಚರ್ಮದ ಡ್ರಮ್ ಮಳೆಗೆ, ತೇವಕ್ಕೆ ಸಡಿಲವಾಗುತ್ತಿತ್ತು. 1957ರ ಸುಮಾರಿಗೆ ಮೈಲಾರ್ ಪ್ಲಾಸ್ಟಿಕ್ ಹೊದಿಕೆ ಬಂತು. 1980ರ ದಶಕದ ಕೊನೆಗೆ ಬಂದ ಕೆವ್ಲಾರ್ ಹೊದಿಕೆಯನ್ನು ಎಷ್ಟು ಬೇಕಾದರೂ ಬಿಗಿಯಬಹುದು. ಸ್ನೇರ್ ಡ್ರಮ್ಮಿನ ನಾದ ಗುಡುಗಿನಿಂದ ಚಿಟಿಕೆಗೆ ತಿರುಗಿತು. ಒಂಬತ್ತು ಜನ ಒಟ್ಟಿಗೆ ಬಾರಿಸಿದರೂ ಒಂದೇ ಕೋಲು ಬಿದ್ದಂತೆ ಕೇಳಿಸಬೇಕೆಂಬ ಇಂದಿನ ಗೀಳು ಶುರುವಾದದ್ದು ಆಗಲೇ. ಹೆಗಲಿಗೆ ತೂಗುಹಾಕಿಕೊಂಡು ನಡೆಯುತ್ತಿದ್ದ ಟಿಂಪನಿ, ಕ್ಸೈಲೊಫೋನ್‌ಗಳು 1980ರ ದಶಕದ ಆರಂಭದಲ್ಲಿ ನೆಲಕ್ಕಿಳಿದು ಮೈದಾನದ ಮುಂಭಾಗದಲ್ಲಿ ‘ಪಿಟ್’ ಆದವು. ಮರಿಂಬಾ, ವೈಬ್ರಫೋನ್ ಸೇರಿದವು.

ಆ ಪಿಟ್‌ನ ಮುಂದೆಯೇ 2004ರಲ್ಲಿ ಮೈಕ್ ಬಂದು ನಿಂತಿತು. ಮರಿಂಬಾ ಒಳಾಂಗಣದ ವಾದ್ಯ. ಬಯಲಿನಲ್ಲಿ, ಹಿತ್ತಾಳೆ ಮೇಳದ ಎದುರು ಅದು ಕೇಳಿಸಬೇಕಾದರೆ ಗಟ್ಟಿ ತಲೆಯ ಕೋಲಿನಿಂದ ಹೊಡೆಯಬೇಕು. ಮರದ ಪಟ್ಟಿ ಒಡೆಯುತ್ತಿತ್ತು, ನಾದ ಕರ್ಕಶವಾಗುತ್ತಿತ್ತು, ಹದಿನೆಂಟರ ಹುಡುಗಿ ಗುರುಗಳಿಂದ ಕಲಿತ ಮೃದುವಾದ ಹಸ್ತ ಮೈದಾನದಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಮೈಕ್ ಬಂದ ಮೇಲೆ ಎರಡು ಕೈಗಳಲ್ಲಿ ನಾಲ್ಕು ಕೋಲು ಹಿಡಿದು ನುಡಿಸುವ ಸೂಕ್ಷ್ಮ ಕೆಲಸವೂ ಮೇಲಿನ ಸಾಲಿನವರೆಗೆ ಕೇಳಿಸತೊಡಗಿತು. ಇಲ್ಲಿ ಯಂತ್ರ ವಾದಕಿಯ ಕೈಯನ್ನು ದೊಡ್ಡದು ಮಾಡಿತು, ಕಿತ್ತುಕೊಳ್ಳಲಿಲ್ಲ. 2014ರಲ್ಲಿ ಟ್ರೊಂಬೋನ್, ಸೂಸಫೋನ್ ಸೇರಿ ಎಲ್ಲ ಹಿತ್ತಾಳೆ ವಾದ್ಯಗಳಿಗೂ ಅನುಮತಿ ಸಿಕ್ಕಿದ್ದಕ್ಕೂ ನನ್ನ ತಕರಾರಿಲ್ಲ. ಅವೂ ಉಸಿರಿನಿಂದಲೇ ನುಡಿಯುವಂಥವು. ಕ್ಲಾರಿನೆಟ್, ಸ್ಯಾಕ್ಸೊಫೋನ್ ಕುಟುಂಬವನ್ನು ಆ ನಿಯಮವೂ ಹೊರಗೇ ಇಟ್ಟಿತು. ಸ್ಯಾಕ್ಸೊಫೋನನ್ನು ಗಮಕಕ್ಕೆ ಪಳಗಿಸಿ ಕರ್ನಾಟಕ ಸಂಗೀತದ ಕಚೇರಿಗೆ ತಂದ ಕದ್ರಿ ಗೋಪಾಲನಾಥರನ್ನು ಕಂಡ ನಮಗೆ ಈ ಬೇಲಿ ವಿಚಿತ್ರವೆನಿಸಬಹುದು. ಆದರೆ ಬೇಲಿಯೇ ಇಲ್ಲದಿದ್ದರೆ ಡ್ರಮ್ ಕೋರ್ ಮತ್ತೊಂದು ಶಾಲಾ ಬ್ಯಾಂಡ್ ಆಗುತ್ತದೆ. ಎಲ್ಲೋ ಒಂದು ಗೆರೆ ಬೇಕು.

ನನ್ನ ಗೆರೆ 2009ರಲ್ಲಿದೆ. ಆ ವರ್ಷ ಸಿಂಥಸೈಜರ್ ಮತ್ತಿತರ ವಿದ್ಯುನ್ಮಾನ ವಾದ್ಯಗಳು ಒಳಗೆ ಬಂದವು. ಅದರ ಹಿಂದಿನ ವರ್ಷ, 2008ರಲ್ಲಿ, ಫ್ಯಾಂಟಮ್ ರೆಜಿಮೆಂಟ್ ‘ಸ್ಪಾರ್ಟಕಸ್’ ಪ್ರದರ್ಶನದಿಂದ ಬ್ಲೂ ಡೆವಿಲ್ಸ್ ತಂಡವನ್ನು 0.025 ಅಂಕದಿಂದ ಹಿಂದೆ ಹಾಕಿ ಗೆದ್ದಿತು. ಸಿಂಥಸೈಜರ್ ಇಲ್ಲದ ಕಾಲದ ಕೊನೆಯ ಚಾಂಪಿಯನ್ ಅದು. ಅದಕ್ಕೂ ಮೊದಲು, 2002ರಲ್ಲಿ, ಕ್ಯಾವಲಿಯರ್ಸ್ ತಮಗಾಗಿಯೇ ಬರೆಸಿಕೊಂಡ ಸಂಗೀತದ ‘ಫ್ರೇಮ್‌ವರ್ಕ್ಸ್’ ಪ್ರದರ್ಶನಕ್ಕೆ 99.15 ಅಂಕ ಪಡೆದಿದ್ದರು, ಅಲ್ಲಿಯವರೆಗಿನ ಅತ್ಯಧಿಕ. ಆಗ ಪಿಟ್‌ಗೆ ಮೈಕ್ ಕೂಡ ಇರಲಿಲ್ಲ. ಆಧುನಿಕವಾಗಲು ವಿದ್ಯುತ್ ಬೇಕೇ ಬೇಕೆಂದು ಹೇಳುವವರು ಈ ಪ್ರದರ್ಶನವನ್ನೊಮ್ಮೆ ನೋಡಬೇಕು.

ಇದು ವಿದ್ಯುನ್ಮಾನ ನಾದದ ಮೇಲಿನ ತಿರಸ್ಕಾರವಲ್ಲ. ಶಿಕಾಗೊ, ಡೆಟ್ರಾಯಿಟ್ ನಗರಗಳಲ್ಲಿ ನಿಂತು ಹಾಗೆ ಹೇಳುವುದು ಅಪಚಾರ. 1977ರಲ್ಲಿ ಫ್ರ್ಯಾಂಕಿ ನಕಲ್ಸ್ ಶಿಕಾಗೊದ ವೇರ್‌ಹೌಸ್ ಕ್ಲಬ್ಬಿಗೆ ಬಂದ ಮೇಲೆ ಅಲ್ಲಿಂದ ಹೌಸ್ ಸಂಗೀತ ಬೆಳೆಯಿತು. 1980ರ ದಶಕದಲ್ಲಿ ಡೆಟ್ರಾಯಿಟ್ ಬಳಿಯ ಬೆಲ್‌ವಿಲ್‌ನ ಹುಡುಗರಾದ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಟೆಕ್ನೊ ಕಟ್ಟಿದರು. ಡ್ರಮ್ ಯಂತ್ರವೂ ಸಿಂಥಸೈಜರೂ ಅವರ ಕೈಯಲ್ಲಿ ಹೊಸ ಕಲೆಯೇ ಆದವು, ಏಕೆಂದರೆ ಅಲ್ಲಿ ಯಂತ್ರ ಯಂತ್ರದ ನಾದವನ್ನೇ ನುಡಿಸಿತು, ಬೇರೆ ಯಾರದೋ ನಾದದ ವೇಷ ಹಾಕಲಿಲ್ಲ. ಡ್ರಮ್ ಕೋರ್‌ನಲ್ಲಿ ನಡೆಯುತ್ತಿರುವುದು ಬೇರೆ. ಟ್ಯೂಬಾ ಹೊತ್ತ ಹದಿನೈದು ಹದಿನಾರು ಮಕ್ಕಳು ಓಡುತ್ತಾ ಊದುವ ಮಂದ್ರ ಸ್ವರದ ಕೆಳಗೆ, ಪಿಟ್‌ನಲ್ಲಿ ನಿಂತ ಒಬ್ಬ ಅದೇ ಸ್ವರದ ಕೀಲಿ ಒತ್ತುತ್ತಾನೆ, ಭಾರಿ ಸ್ಪೀಕರ್‌ಗಳು ನೆಲ ನಡುಗಿಸುತ್ತವೆ. ಕೇಳುಗನ ಹೊಟ್ಟೆಯಲ್ಲಿ ಹುಟ್ಟಿದ ಕಂಪನ ಯಾರದೆಂದು ಹೇಳುವುದು ಹೇಗೆ? ತೀರ್ಪುಗಾರ ಯಾರಿಗೆ ಅಂಕ ಕೊಡಬೇಕು? ಧ್ವನಿಯ ಏರಿಳಿತ ಸರಿಪಡಿಸಲು ಮಿಕ್ಸಿಂಗ್ ಮೇಜಿನ ಹಿಂದೆ ಇರುವವರು ಕೋರ್‌ನ ಸಿಬ್ಬಂದಿ, ಸ್ಪರ್ಧೆಯಾದರೋ ಯುವಜನರದ್ದು.

ಬೆಂಗಳೂರಿನ ಒಂದು ಉದಾಹರಣೆ ಇಲ್ಲಿ ದಾರಿ ತೋರಿಸುತ್ತದೆ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿಯನ್ನು ನಮ್ಮ ಸಂಗೀತಗಾರರು ಹೆಚ್ಚು ರಗಳೆಯಿಲ್ಲದೆ ವೇದಿಕೆಗೆ ತಂದುಕೊಂಡರು. ಅದೇ ಕಂಪನಿಯ ಎಲೆಕ್ಟ್ರಾನಿಕ್ ತಬಲಾ ಮನೆಯ ಅಭ್ಯಾಸದಲ್ಲಿ ಉಳಿಯಿತು. ಕಚೇರಿಯಲ್ಲಿ ಅದನ್ನು ಪಕ್ಕವಾದ್ಯವಾಗಿ ಕೂರಿಸಲು ನಾವು ಒಪ್ಪಲಿಲ್ಲ. ಶ್ರುತಿ ಹಿಡಿಯುವುದಕ್ಕೆ ಯಂತ್ರ ಆಗಬಹುದು, ಮಾತಿಗೆ ಮಾತು ಕೊಡುವ ಜಾಗಕ್ಕೆ ಮನುಷ್ಯನೇ ಬೇಕು ಎಂಬ ತೀರ್ಮಾನವನ್ನು ಯಾವ ಸಮಿತಿಯೂ ಬರೆದು ಕೊಡಲಿಲ್ಲ, ರಸಿಕರ ಕಿವಿಯೇ ಬರೆಯಿತು. ಡಿಸಿಐಯಲ್ಲಿ ನಿಯಮಗಳನ್ನು ಬೋಧಕರೂ ನಿರ್ದೇಶಕರೂ ವರ್ಷದ ಸಭೆಗಳಲ್ಲಿ ಮತ ಹಾಕಿ ತೀರ್ಮಾನಿಸುತ್ತಾರೆ. ಕೇಳುಗನಿಗೆ ಅಲ್ಲಿ ಮತವಿಲ್ಲ.

ಹಳೆಯದನ್ನು ಇದ್ದಂತೆಯೇ ಉಳಿಸಬೇಕೆನ್ನುವವರಿಗೆ ಬೇರೆ ದಾರಿ ಇದೆ. ಡಿಸಿಐ ಹುಟ್ಟಿದ 1971ರಲ್ಲೇ ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಲ್ಲಿ ಫೈಫ್ ಮತ್ತು ಡ್ರಮ್ ಕೋರ್ ಒಂದು ಹುಟ್ಟಿತು. ಹದಿನೆಂಟನೆಯ ಶತಮಾನದ ಮಾದರಿಯ ಉಡುಪು ತೊಟ್ಟ ಮಕ್ಕಳು ಅಡ್ಡ ಕೊಳಲೂದುತ್ತಾ, ಹಗ್ಗ ಬಿಗಿದ ಡ್ರಮ್ ಬಾರಿಸುತ್ತಾ ಇಂದಿಗೂ ಮೆರವಣಿಗೆಗಳಲ್ಲಿ ನಡೆಯುತ್ತಾರೆ. ಅದು ಒಂದು ಕಾಲದ ನಾದವನ್ನು ಕಾಪಾಡುವ ಕೆಲಸ, ಅದರ ಬೆಲೆ ಅದಕ್ಕಿದೆ. ಸ್ಪರ್ಧೆಗೆ ಇಳಿದ ಕೋರ್ ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಅದು ಬದಲಾಗುತ್ತಲೇ ಇರಬೇಕು. ನಾನು ಕೇಳುವುದು ಇಷ್ಟೆ: ಹಿತ್ತಾಳೆಯವರು ಊದುವ ಸ್ವರವನ್ನು ಸಿಂಥಸೈಜರ್ ಕೆಳಗಿನಿಂದ ದಪ್ಪ ಮಾಡುವುದನ್ನು ನಿಲ್ಲಿಸಲಿ. ಸಿಂಥಸೈಜರ್ ಬೇಕಾದರೆ ತನ್ನದೇ ನಾದದಲ್ಲಿ, ತನ್ನದೇ ಸಾಲು ನುಡಿಸಲಿ, ಅದಕ್ಕೆ ಬೇರೆಯೇ ಅಂಕ ಕೊಡಲಿ.

ರಾಕ್‌ಫರ್ಡ್ ಕಡೆಯೋ ಡಿಕಾಲ್ಬ್ ಕಡೆಯೋ ಬೇಸಿಗೆಯಲ್ಲಿ ಪ್ರದರ್ಶನವಿದ್ದರೆ ಹೋಗುವ ಕನ್ನಡಿಗರಿಗೆ ಒಂದು ಮಾತು. ಟಿಕೆಟ್‌ನಲ್ಲಿ ಬರೆದ ಹೊತ್ತಿಗಿಂತ ಎರಡು ಗಂಟೆ ಮೊದಲೇ ಹೋಗಿ. ಕ್ರೀಡಾಂಗಣದ ಹೊರಗಿನ ವಾಹನ ನಿಲುಗಡೆಯಲ್ಲಿ, ಪಕ್ಕದ ಹುಲ್ಲಿನಲ್ಲಿ ಒಂದೊಂದು ಕೋರ್‌ನ ಡ್ರಮ್ ಸಾಲು, ಹಿತ್ತಾಳೆ ಸಾಲು ಅರ್ಧವೃತ್ತ ಕಟ್ಟಿ ಅಭ್ಯಾಸ ಮಾಡುತ್ತವೆ. ಮೈಕ್ ಇಲ್ಲ, ದೊಡ್ಡ ಸ್ಪೀಕರ್ ಇಲ್ಲ, ನಡುವೆ ಹತ್ತು ಅಡಿಯ ಅಂತರ. ಕೋಲು ಹಿಡಿದ ಶಾಲಾ ಮಕ್ಕಳು, ಹಳೆಯ ಸದಸ್ಯರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಸುತ್ತ ನೆರೆದಿರುತ್ತಾರೆ. ಒಳಗೆ ಮುಂಗಡ ಹಣ ಕೊಟ್ಟು ಕಾದಿರಿಸಿದ ಕುರ್ಚಿ ಇದ್ದರೂ ಇಲ್ಲಿ ನಿಂತು ಕೇಳುವವರು ಇವರು. ನಿಯಮ ತಿದ್ದುವವರು ಮುಂದಿನ ಸಭೆಗೆ ಮುನ್ನ ಇವರನ್ನೂ ಒಮ್ಮೆ ಕೇಳಲಿ.